ಜೀನ್ ತಿದ್ದಿ ಹೊಸ ಜೀವ ಹುಟ್ಟಿಸುವ ಹಾರರ್ ಕಥೆಗಳಲ್ಲಿ ನಿಜಕ್ಕೂ ಹೆದರಬೇಕಾದ್ದು ಯಾವುದಕ್ಕೆ?

ನನಗೆ ಹೆದರಿಕೆ ಆಗುವುದು ಹುಟ್ಟಿಸುವವರ ಅವಸರ ನೋಡಿ. ತಳಿ ಬೆರೆಸುವುದೇ ತಪ್ಪು ಅಂತಲ್ಲ, ನಮ್ಮ ಕೊಡಗಿನ ತೋಟಗಳಲ್ಲಿರುವ ಸಿ ಎಕ್ಸ್ ಆರ್ ಕಾಫಿಯೂ ಕಾಂಜೆನ್ಸಿಸ್, ರೊಬಸ್ಟಾ ಅನ್ನುವ ಎರಡು ಕಾಫಿ ಜಾತಿಗಳನ್ನು ಕೂಡಿಸಿ ಮಾಡಿದ್ದೇ. ಆದರೆ ಗಿಡ ಸರಿ ಬರದಿದ್ದರೆ ಬುಡಸಮೇತ ಕಿತ್ತು ಬೇರೆ ಸಸಿ ನೆಡುತ್ತೇವೆ. ಮಗುವಿನ ವಿಷಯದಲ್ಲಿ ಅದು ಆಗುತ್ತಾ?

2018ರಲ್ಲಿ ಚೀನಾದ ವಿಜ್ಞಾನಿ ಹೇ ಜಿಯಾಂಕುಯಿ, ಮಕ್ಕಳಿಗೆ ಎಚ್‌ಐವಿ ತಗುಲದಿರಲಿ ಅಂತ ಭ್ರೂಣದಲ್ಲೇ ಆ ವೈರಸ್ ಜೀವಕೋಶದೊಳಗೆ ಹೋಗಲು ಬಾಗಿಲಾಗುವ ಪ್ರೋಟೀನ್ ಮಾಡುವ ಸಿಸಿಆರ್5 ಜೀನನ್ನು ಜೀನ್ ಕತ್ತರಿಸಿ ತಿದ್ದುವ ಸಾಧನವಾದ ಕ್ರಿಸ್ಪರ್‌ನಿಂದ ತಿದ್ದಿದರು, ಅವಳಿ ಹೆಣ್ಣುಮಕ್ಕಳು ಹುಟ್ಟಿದರು. ಕೇಳಲು ಒಳ್ಳೆಯದೇ ಅಲ್ವಾ? ಆದರೆ ತಿದ್ದಿದ್ದು ಅಂದುಕೊಂಡ ಹಾಗೆ ಆಗಿರಲಿಲ್ಲ. ಆ ವಿಜ್ಞಾನಿಗೆ 3 ವರ್ಷ ಜೈಲಾಯಿತು. ಆ ಬದಲಾವಣೆ ಮಾತ್ರ ಹುಡುಗಿಯರ ಮೈಯಲ್ಲೇ ಇದೆ, ಮುಂದೆ ಅವರ ಮಕ್ಕಳಿಗೂ ಹೋಗಬಹುದು, ಯಾರೂ ಅವರನ್ನು ಕೇಳಿರಲಿಲ್ಲ.