ಮಲಗಿದವರಿಗೆ ಎಷ್ಟು ಊಟ ಬೇಕು?

ಪ್ರಶ್ನೆ: ನಮ್ಮ ಮಾವನವರು ಬಿದ್ದು ಸೊಂಟದ ಮೂಳೆ ಮುರಿದು ನಾಲ್ಕು ತಿಂಗಳಿಂದ ಹಾಸಿಗೆ ಹಿಡಿದಿದ್ದಾರೆ. "ಓಡಾಟ ಇಲ್ಲ, ಎರಡು ಹೊತ್ತು ಗಂಜಿ ಕೊಟ್ಟರೆ ಸಾಕು" ಅಂತಾರೆ ನೆಂಟರು. ಆದರೆ ಅವರ ಗಡ್ಡ, ಉಗುರು ಬೆಳೆಯುತ್ತಲೇ ಇವೆ. ಸುಮ್ನೆ ಮಲಗಿದ ದೇಹದಲ್ಲಿ ಏನು ನಡೆಯುತ್ತಿರುತ್ತದೆ?
– ಓದುಗರೊಬ್ಬರು, ತಿಪಟೂರು

ಉತ್ತರ: ಉಗುರನ್ನು ಗಮನಿಸಿದ್ದೀರಲ್ಲ ತಾಯಿ, ಅರ್ಧ ಉತ್ತರ ಅಲ್ಲೇ ಇದೆ. ಕೈಬೆರಳಿನ ಉಗುರು ತಿಂಗಳಿಗೆ ಸುಮಾರು 3 ಮಿಲಿಮೀಟರ್ ಬೆಳೆಯುತ್ತದೆ. ಅದಕ್ಕೆ ಬೇಕಾದ ಪ್ರೋಟೀನು ಊಟದಿಂದಲೇ ಬರಬೇಕು.

ಕಾಲು ನಿಂತಿರಬಹುದು, ಒಳಗೆ ಯಾವುದೂ ನಿಂತಿಲ್ಲ. ಹೃದಯ ದಿನಕ್ಕೆ ಸುಮಾರು ಒಂದು ಲಕ್ಷ ಸಲ ಬಡಿಯುತ್ತದೆ. ಮೂತ್ರಪಿಂಡಗಳು ಸುಮಾರು 180 ಲೀಟರ್ ನೀರಂಶ ಸೋಸಿ, ಒಂದೂವರೆ ಲೀಟರಿನಷ್ಟು ಮಾತ್ರ ಹೊರಗೆ ಬಿಡುತ್ತವೆ. ಉಳಿದದ್ದನ್ನು ವಾಪಸು ಎಳೆದುಕೊಳ್ಳುವುದಕ್ಕೂ ಶಕ್ತಿ ಬೇಕು. ನಮ್ಮಂಥ ಓಡಾಡುವವರಲ್ಲೂ ದಿನದ ಶಕ್ತಿಯ ಶೇ. 60ರಿಂದ 70ರಷ್ಟು ಇಂಥ ಕೆಲಸಕ್ಕೇ ಹೋಗುತ್ತದೆ. ಸೊಳ್ಳೆ ಕಚ್ಚಿದರೆ ಮಾವನವರ ಕೈ ಆಡುತ್ತದೆ, ಚಳಿಗೆ ಮೈ ನಡುಗುತ್ತದೆ, ಅಲ್ವಾ? ಅದೂ ಜೀವದ ಕೆಲಸವೇ.

ನನಗೆ ಎಲ್ಲಕ್ಕಿಂತ ದೊಡ್ಡದು ಅನ್ನಿಸುವುದು ರಕ್ತದ ವಿಷಯ. ಕೆಂಪು ರಕ್ತಕಣದ ಆಯಸ್ಸು ಸುಮಾರು 120 ದಿನ. ಅಂದರೆ ನಾಲ್ಕೇ ತಿಂಗಳು! ಮಾವನವರು ಬಿದ್ದ ದಿನ ಮೈಯಲ್ಲಿದ್ದ ಕೆಂಪು ಕಣಗಳು ಹೆಚ್ಚುಕಡಿಮೆ ಎಲ್ಲವೂ ಈಗ ಹೋಗಿವೆ. ಇವತ್ತು ಹರಿಯುತ್ತಿರುವುದು ಆ ಹಾಸಿಗೆಯಲ್ಲೇ ಹುಟ್ಟಿದ ಕಣಗಳು. ಆರೋಗ್ಯವಂತರ ಮೂಳೆಯ ಮಜ್ಜೆಯಲ್ಲಿ ಸೆಕೆಂಡಿಗೆ 20 ಲಕ್ಷಕ್ಕೂ ಜಾಸ್ತಿ ಕೆಂಪು ಕಣ ತಯಾರಾಗುತ್ತವೆ. ಅಲ್ಲಿನ ಒಂದೇ ಬಗೆಯ ಮೂಲಕೋಶ ಎರಡಾಗಿ, ನಾಲ್ಕಾಗಿ, ಕೆಲವು ಕೆಂಪು ಕಣ, ಕೆಲವು ರೋಗದ ಜೊತೆ ಹೋರಾಡುವ ಬಿಳಿ ಕಣ ಆಗುತ್ತವೆ. ನೀವು ಬಡಿಸಿದ ಬೇಳೆ, ಸೊಪ್ಪೇ ಇದಕ್ಕೆಲ್ಲ ಸಾಮಾನು.

ನಾನು ಮೂವತ್ತು ವರ್ಷ ಪಿಯುಸಿ ಮಕ್ಕಳಿಗೆ ಜೀವಶಾಸ್ತ್ರ ಹೇಳಿಕೊಟ್ಟವಳು. ಆದರೂ ಅಮ್ಮ ಮಲಗಿದಾಗ, ಅರಗುವುದಿಲ್ಲ ಅಂತ ಊಟ ಕಡಿಮೆ ಮಾಡಿದ್ದೆ. ಎರಡನೇ ತಿಂಗಳಿಗೆ ಸೊಂಟದ ಹಿಂದೆ ಹುಣ್ಣಾಯಿತು. ಡ್ರೆಸಿಂಗ್ ಮಾಡಲು ಬರುತ್ತಿದ್ದ ನರ್ಸ್, "ಹುಣ್ಣು ತುಂಬಿಕೊಳ್ಳಬೇಕಾದರೆ ಹೊಸ ಮಾಂಸ ಬೆಳೆಯಬೇಕು ಮೇಡಂ, ಗಂಜಿ ತಿಳಿಯಲ್ಲಿ ಬೆಳೆಯುತ್ತಾ?" ಅಂದರು. ಆ ಮಾತು ಇವತ್ತಿಗೂ ಚುಚ್ಚುತ್ತದೆ. ದಿನಾ ಮೊಟ್ಟೆ, ಎರಡು ಗಂಟೆಗೊಮ್ಮೆ ಮಗ್ಗುಲು ಬದಲಾವಣೆ. ಹುಣ್ಣು ಒಣಗಲು ಮೂರು ತಿಂಗಳು ಬೇಕಾಯಿತು.

ಗಂಜಿ ಕೊಡಿ, ಆದರೆ ಹೆಸರುಬೇಳೆ ಸೇರಿಸಿ. ಮೊಸರು, ಒಗ್ಗಿದರೆ ಮೊಟ್ಟೆ ಇರಲಿ. ಒಂದೇ ಸಲ ಜಾಸ್ತಿ ಬೇಡ, ಸ್ವಲ್ಪ ಸ್ವಲ್ಪವಾಗಿ ಐದಾರು ಸಲ. ಸಕ್ಕರೆ ಕಾಯಿಲೆ ಅಥವಾ ಮೂತ್ರಪಿಂಡದ ತೊಂದರೆ ಇದ್ದರೆ ಮೊದಲು ಡಾಕ್ಟರನ್ನು ಕೇಳಿ. ವಯಸ್ಸಾದವರಿಗೆ ಬಾಯಾರಿಕೆ ಅಷ್ಟಾಗಿ ಗೊತ್ತಾಗುವುದಿಲ್ಲ. ಅವರೇ ನೀರು ಕೇಳಲಿ ಅಂತ ಕಾಯಬೇಡಿ.