ಉಬುಂಟು ಆಟೋಇನ್‌ಸ್ಟಾಲ್ ಭಾಷೆ ಕೇಳುವ ಸ್ಕ್ರೀನಿನಲ್ಲೇ ನಿಂತರೆ

ಬಹುಶಃ ನಿಮ್ಮ ಗ್ರಬ್ (ಕಂಪ್ಯೂಟರ್ ಶುರುವಾಗುವಾಗ ಉಬುಂಟುವನ್ನು ಲೋಡ್ ಮಾಡುವ ಪ್ರೋಗ್ರಾಂ) ಲೈನಿನಲ್ಲಿರುವ ಸೆಮಿಕೋಲನ್ನೇ ತೊಂದರೆ. ದಾವಣಗೆರೆಯ ಲ್ಯಾಬಿನಲ್ಲಿ ಉಬುಂಟು ಸರ್ವರ್ ತಾನಾಗೇ ಇನ್‌ಸ್ಟಾಲ್ ಆಗದೆ ಭಾಷೆ ಕೇಳಿ ನಿಲ್ಲುತ್ತದೆ ಅಂದಿರಿ, ಅಲ್ವಾ? ಅಂದರೆ ಇನ್‌ಸ್ಟಾಲ್ ಕೇಳುವ ಪ್ರಶ್ನೆಗಳಿಗೆ ಉತ್ತರ ಬರೆದಿಟ್ಟ ಯೂಸರ್-ಡೇಟಾ ಫೈಲ್ ಬಹುಶಃ ಅದಕ್ಕೆ ಸಿಕ್ಕಿಲ್ಲ. ಸೆಮಿಕೋಲನ್ ಕಂಡರೆ ಗ್ರಬ್ ಆಜ್ಞೆ ಅಲ್ಲಿಗೆ ಮುಗಿಯಿತು ಅಂದುಕೊಳ್ಳುತ್ತದೆ. ಅದರ ಮುಂದಿರುವ, ಆ ಫೈಲ್ ಎಲ್ಲಿದೆ ಅನ್ನುವ ವಿಳಾಸ ಕರ್ನಲ್‌ಗೆ (ಉಬುಂಟುವಿನ ತಿರುಳು ಭಾಗ) ತಲುಪುವುದಿಲ್ಲ.

ನೀವು ಆ ಲೈನ್ ತೋರಿಸಿಲ್ಲ, ಹಾಗಾಗಿ ಮೊದಲು ಖಚಿತ ಮಾಡಿಕೊಳ್ಳಿ. ನಿಂತ ಮಷಿನ್‌ನಲ್ಲಿ ಕಂಟ್ರೋಲ್-ಆಲ್ಟ್-ಎಫ್2 ಒತ್ತಿ, ‘ಪ್ರಾಕ್’ ಒಳಗಿನ ‘ಸಿಎಮ್‌ಡಿಲೈನ್’ ಫೈಲನ್ನು ಕ್ಯಾಟ್ ಆಜ್ಞೆಯಿಂದ ತೆರೆದು ನೋಡಿ, ಕರ್ನಲ್‌ಗೆ ತಲುಪಿದ ಲೈನ್ ಅದರಲ್ಲಿರುತ್ತದೆ. ವಿಳಾಸ ಕಾಣದಿದ್ದರೆ ಇದೇ ಕಾರಣ.

ಈಗ ಗ್ರಬ್ ಲೈನಿನಲ್ಲಿ ವಿಳಾಸಕ್ಕೂ ಮೊದಲು ಬರುವ ‘ಡಿಎಸ್’ನಿಂದ ವಿಳಾಸದ ಕೊನೆಯವರೆಗೆ ಪೂರ್ತಿ ಡಬಲ್ ಕೋಟ್ ಒಳಗೆ ಹಾಕಿ. ವಿಳಾಸದ ಕೊನೆಗೆ ಸ್ಲ್ಯಾಶ್ ಇರಲೇಬೇಕು. ಆಮೇಲೆ ಫೈಲ್ ಕೊಡುವ ಕಂಪ್ಯೂಟರಿನ ಲಾಗ್ ನೋಡುತ್ತಾ ಒಂದೇ ಮಷಿನ್ ಬೂಟ್ ಮಾಡಿ. ಚಿತ್ರದುರ್ಗದಲ್ಲಿ ನಮಗೂ ಹೀಗೇ ಆಗಿತ್ತು. ಮೊದಲು ಲಾಗಿನಲ್ಲಿ ಒಂದು ಸಾಲೂ ಬರಲಿಲ್ಲ. ಕೋಟ್ ಹಾಕಿದ ಮೇಲೆ ಯೂಸರ್-ಡೇಟಾಗೆ 200 (ಫೈಲ್ ಸಿಕ್ಕಿತು) ಬಂತು, ಮೆಟಾ-ಡೇಟಾಗೆ 404 (ಸಿಗಲಿಲ್ಲ)! ಆ ಹೆಸರಿನ ಫೈಲೂ ಪಕ್ಕದಲ್ಲೇ ಬೇಕು, ಖಾಲಿ ಇದ್ದರೂ ಸಾಕು.

200 ಬಂದರೂ ಭಾಷೆ ಕೇಳಿದರೆ ಯೂಸರ್-ಡೇಟಾದ ಮೊದಲ ಸಾಲು ನೋಡಿ. ಹ್ಯಾಶ್ ಚಿಹ್ನೆ, ಅದಕ್ಕೆ ಅಂಟಿಕೊಂಡೇ ‘ಕ್ಲೌಡ್-ಕಾನ್ಫಿಗ್’, ನಡುವೆ ಜಾಗ ಬೇಡ. ಒಳಗೆಲ್ಲೂ ಟ್ಯಾಬ್ ಒತ್ತಬೇಡಿ, ಸ್ಪೇಸ್ ಮಾತ್ರ.

ಭಾಷೆ ಬದಲು ‘ಯೆಸ್ ಅಥವಾ ನೋ’ ಅಂತ ಕೇಳಿದರೆ ಫೈಲ್ ಸಿಕ್ಕಿದೆ ಅಂತಲೇ ಅರ್ಥ. ಅದೇ ಗ್ರಬ್ ಲೈನಿಗೆ ‘ಆಟೋಇನ್‌ಸ್ಟಾಲ್’ ಪದ ಸೇರಿಸಿದರೆ ಅದೂ ಕೇಳಲ್ಲ. ಆದರೆ ಆಮೇಲೆ ಡಿಸ್ಕ್ ಕೇಳದೇ ಅಳಿಸಿಹೋಗುತ್ತದೆ. ದಯವಿಟ್ಟು ಮಕ್ಕಳ ಪ್ರಾಜೆಕ್ಟ್ ಫೈಲುಗಳನ್ನು ಮೊದಲೇ ಬೇರೆ ಕಡೆ ತೆಗೆದಿಡಿ.