22 ನಿಮಿಷಕ್ಕೊಂದ್ಸಲ ಸೂರ್ಯ ಸಿಡೀತಾನೆ, ಏನ್ ಮಾಡ್ಲಿ ಸರ್?

ಪ್ರಶ್ನೆ: ಸರ್, ನೀವು ಹೋದ ತಿಂಗಳು ಬರೆದಿದ್ದು ಓದಿ ಔಟರ್ ವೈಲ್ಡ್ಸ್ ಅನ್ನೋ ಬಾಹ್ಯಾಕಾಶ ಸುತ್ತೋ ವಿಡಿಯೋ ಗೇಮ್ ತಗೊಂಡೆ. ಐದು ದಿನ ಆಯ್ತು, ಪ್ರತಿ 22 ನಿಮಿಷಕ್ಕೆ ಸೂರ್ಯ ಸಿಡಿದು ಎಲ್ಲಾ ಸುಟ್ಟು ಹೋಗುತ್ತೆ, ಮತ್ತೆ ಅದೇ ಬೆಂಕಿ ಪಕ್ಕ ಎದ್ದೇಳ್ತೀನಿ. ಲೆವೆಲ್ ಇಲ್ಲ, ಹೊಸ ಆಯುಧ ಇಲ್ಲ, ಎಲ್ಲಿಗೆ ಹೋಗ್ಬೇಕು ಅಂತ ಹೇಳೋರೂ ಇಲ್ಲ. ಯೂಟ್ಯೂಬ್ ನೋಡ್ಕೊಂಡು ಮುಗಿಸ್ಬಿಡ್ಲಾ? (ಹಾಸನದ ಓದುಗರು)

ಉತ್ತರ: ದಯವಿಟ್ಟು ಬೇಡ. ಬೇರೆ ಯಾವ ಗೇಮ್ ಆಗಿದ್ರೂ ನೋಡ್ಕೊಳ್ಳಿ ಪರವಾಗಿಲ್ಲ ಅಂತಿದ್ದೆ, ಇದೊಂದಕ್ಕೆ ಮಾತ್ರ ಕೈಮುಗಿದು ಕೇಳ್ಕೋತೀನಿ. ಇದರಲ್ಲಿ ನಿಮ್ಮ ಹತ್ರ ಸೇರ್ತಾ ಹೋಗೋದು ಒಂದೇ, ನಿಮಗೆ ಗೊತ್ತಾದ ವಿಷಯ. ಎಲ್ಲಾ ಗೊತ್ತಿರೋರು ಮೊದಲನೇ 22 ನಿಮಿಷದಲ್ಲೇ ಕೊನೆ ಮುಟ್ಟಬಹುದು, ಅಷ್ಟೇ ಇರೋದು, ಅದನ್ನ ಇನ್ನೊಬ್ಬರು ಹೇಳಿಬಿಟ್ರೆ ಆಡೋಕೆ ಏನೂ ಉಳಿಯಲ್ಲ. ನಾನು ಮುಗಿಸಿ ವರ್ಷಗಳೇ ಆಯ್ತು, ಇನ್ನೂ ಶುರು ಮಾಡದಿರೋರನ್ನ ನೋಡಿದ್ರೆ ಈಗ್ಲೂ ಹೊಟ್ಟೆಕಿಚ್ಚಾಗುತ್ತೆ.

ನಿಮ್ಮ ಬಾಹ್ಯಾಕಾಶ ಹಡಗಿನ ಹಿಂಭಾಗದಲ್ಲಿರೋ ಲಾಗ್, ಅಂದ್ರೆ ನೀವು ಕಂಡುಕೊಂಡಿದ್ದೆಲ್ಲ ದಾಖಲಾಗೋ ಪಟ್ಟಿ, ತೆಗೆದು ನೋಡಿ. ಸತ್ತು ಎದ್ರೂ ಅದು ಅಳಿಸಲ್ಲ, ಯಾವ ಸುದ್ದಿ ಯಾವುದಕ್ಕೆ ಸೇರುತ್ತೆ ಅಂತ ಗೆರೆ ಎಳೆದು ತೋರ್ಸುತ್ತೆ, ಎಲ್ಲಿ ಇನ್ನೂ ನೋಡೋದು ಬಾಕಿ ಇದೆ ಅನ್ನೋದನ್ನೂ ಹೇಳುತ್ತೆ. ಒಂದು ಗೆರೆ ಹಿಡ್ಕೊಂಡು ಹೋಗಿ ಸಾಕು. ಆಮೇಲೆ ಆಟೊಪೈಲಟ್ ಹಾಕಿ ಕೈಬಿಟ್ಟು ಕೂರ್ಬೇಡಿ, ದಾರಿಗೆ ಸೂರ್ಯ ಅಡ್ಡ ಬಂದ್ರೂ ಅದು ನೇರ ನುಗ್ಗುತ್ತೆ.

ಮುಖ್ಯವಾಗಿ ನೊಮಾಯ್ ಬರಹಗಳನ್ನ ಓಡ್ತಾ ಓದ್ಬೇಡಿ. ಮೂರು ಕಣ್ಣಿನ ಈ ಜನ ಯಾವತ್ತೋ ಅಳಿದು ಹೋದೋರು, ಗೋಡೆ ಮೇಲೆ ಸುರುಳಿ ಸುರುಳಿಯಾಗಿ ಬರೀತಿದ್ರು, ಒಬ್ಬರು ಬರೆದಿದ್ದಕ್ಕೆ ಇನ್ನೊಬ್ಬರ ಉತ್ತರ ಅದೇ ಸುರುಳಿಯಿಂದ ಬಳ್ಳಿ ಚಿಗುರಿದ ಹಾಗೆ ಬರುತ್ತೆ. ಕಳೆದುಹೋದ ನಾಗರಿಕತೆ ಅಂದ್ರೆ ದೇವಸ್ಥಾನ, ನಿಧಿ, ಶಾಪ ಅಂತ ತೋರ್ಸೋ ಗೇಮ್ ಎಷ್ಟೋ ಇವೆ, ಇಲ್ಲಿ ಸಿಗೋದು ಒಟ್ಟಿಗೆ ಕೆಲಸ ಮಾಡ್ತಿದ್ದ ಜನ. ಲೆಕ್ಕ ತಪ್ಪಿದೆ ಅಂತ ವಾದ ಮಾಡ್ತಾರೆ, ಒಬ್ಬರನ್ನೊಬ್ಬರು ರೇಗಿಸ್ತಾರೆ, ಮಕ್ಕಳು ಆಟ ಆಡ್ತಾರೆ. ಹತ್ತು ಗೋಡೆ ಓದೋ ಹೊತ್ತಿಗೆ ಹೆಸರು ನೋಡಿದ್ರೆ ಸಾಕು ಇವರು ಹೀಗೇ ಮಾತಾಡೋದು ಅಂತ ಗೊತ್ತಾಗೋಕೆ ಶುರುವಾಗುತ್ತೆ, ಆಮೇಲೆ ಅವರ ಅಸ್ಥಿಪಂಜರ ಕಂಡಾಗ ಎದೆ ಧಸಕ್ ಅನ್ನುತ್ತೆ. ಅಲೆಕ್ಸ್ ಬೀಚಮ್ ಯೂನಿವರ್ಸಿಟೀಲಿ ಓದ್ತಿದ್ದಾಗ ಥೀಸಿಸ್‌ಗೆ ಅಂತ ಶುರು ಮಾಡಿದ ಗೇಮ್ ಇದು, ಕಥೆ ಬರೆದಿದ್ದು ಅವರ ಸಹೋದರಿ ಕೆಲ್ಸಿ ಬೀಚಮ್. 2019ರಲ್ಲಿ ಬಂತು, ಮರುವರ್ಷ ಬ್ರಿಟನ್ನಿನ ಬಾಫ್ಟಾ ಪ್ರಶಸ್ತಿಯಲ್ಲಿ ಬೆಸ್ಟ್ ಗೇಮ್ ಆಯ್ತು. ಆ ಗೋಡೆ ಬರಹಗಳಿಗೇ ಕೊಟ್ರು ಅಂತ ನಾನಂತೂ ಅಂದ್ಕೊಂಡಿದೀನಿ.

ಪ್ರಶ್ನೆ: ಔಟರ್ ವೈಲ್ಡ್ಸಲ್ಲಿ ಎಂಬರ್ ಟ್ವಿನ್ ಗ್ರಹದ ಗುಹೆಯೊಳಗೆ ಹೋದಾಗೆಲ್ಲ ಮರಳು ಏರಿ ಅಪ್ಪಚ್ಚಿ ಆಗ್ತೀನಿ. ಡಾರ್ಕ್ ಬ್ರ್ಯಾಂಬಲ್‌ಗೆ ಹೋದ್ರೆ ಆ ದೈತ್ಯ ಮೀನು ನುಂಗುತ್ತೆ. (ಶಿವಮೊಗ್ಗದ ಓದುಗರು)

ಉತ್ತರ: ಎದ್ದ ತಕ್ಷಣ ಎಂಬರ್ ಟ್ವಿನ್‌ಗೇ ಹೋಗಿ. ಪಕ್ಕದ ಗ್ರಹ ಆಶ್ ಟ್ವಿನ್‌ನಿಂದ ಮರಳು ಸುರೀತಾ ಇರುತ್ತಲ್ಲ, ಇಲ್ಲಿ ತುಂಬಿದಷ್ಟೂ ಅಲ್ಲಿ ಹೂತಿದ್ದದ್ದು ಬಯಲಾಗುತ್ತೆ. ಹಾಗಾಗಿ ಇಲ್ಲಿಗೆ ಬೇಗ ಹೋಗ್ಬೇಕು, ಅಲ್ಲಿಗೆ ತಡವಾಗಿ. ಈ ಗೇಮಲ್ಲಿ ಎಲ್ಲಿಗೆ ಅನ್ನೋದಕ್ಕಿಂತ ಎಷ್ಟು ಹೊತ್ತಿಗೆ ಅಂತ ಕೇಳ್ಕೊಂಡ್ರೆ ಅರ್ಧ ಬೀಗ ತೆಗೆದ ಹಾಗೆ.

ಮೀನಿನ ಗುಟ್ಟು ಹೇಳಲ್ಲ. ಆದ್ರೆ ಅದೇ ಜಾತಿ ಮೀನಿನ ಫಾಸಿಲ್ ಎಂಬರ್ ಟ್ವಿನ್ ಒಳಗೇ ಇದೆ, ನೊಮಾಯ್ ಮಕ್ಕಳು ಅದರ ಹತ್ರ ಒಂದು ಆಟ ಆಡ್ತಿದ್ರು. ಆ ಆಟದ ನಿಯಮ ಏನು ಅಂತ ಓದಿ ಬನ್ನಿ.

ಪ್ರಶ್ನೆ: ನನಗೆ ಇಂಗ್ಲಿಷ್ ಓದೋದು ನಿಧಾನ. ಆಡಬಹುದಾ ಸರ್? (ಗದಗದ ಓದುಗರು)

ಉತ್ತರ: ಆಡಿ. ಓದೋದು ತುಂಬಾನೇ ಇದೆ, ಕನ್ನಡದಲ್ಲಿ ಇಲ್ಲ, ಅದು ನನಗೂ ಬೇಜಾರೇ. ಆದ್ರೆ ಸೆಟ್ಟಿಂಗ್ಸಲ್ಲಿ ನೋಡಿ, ಓದ್ತಿರೋವಾಗ ಸಮಯ ನಿಲ್ಲಿಸೋ ಆಯ್ಕೆ ಇದೆ. ಅದನ್ನ ಆನ್ ಮಾಡ್ಕೊಂಡು, ಪಕ್ಕದಲ್ಲಿ ಡಿಕ್ಷನರಿ ಇಟ್ಕೊಂಡು ನಿಧಾನಕ್ಕೆ ಓದಿ, ಅಷ್ಟು ಹೊತ್ತು ಸೂರ್ಯ ಸಿಡಿಯಲ್ಲ.